ಹತ್ತು ಓಮಿನ ಕೆಲಸ

ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯ ನಮ್ಮವರ ಮನೆಗಳಲ್ಲಿ ಅಟ್ಟವಿದ್ದರೂ ಹತ್ತುವವರಿಲ್ಲ. ಅಟ್ಟದ ಕೆಲಸವನ್ನೆಲ್ಲ ಬೇಸ್‌ಮೆಂಟೇ ಮಾಡುತ್ತದೆ. ಮಕ್ಕಳ ಕಾಲಿಗೆ ಚಿಕ್ಕದಾದ ಸ್ನೋ ಬೂಟುಗಳು, ಯಾವುದೋ ರಾಜ್ಯೋತ್ಸವಕ್ಕೆ ಥರ್ಮೋಕೋಲಿನಲ್ಲಿ ಕೊರೆದ ಹಂಪಿಯ ರಥ, ಊರಿನಿಂದ ಹೊತ್ತು ತಂದ 230 ವೋಲ್ಟಿನ ಮಿಕ್ಸಿ, ಇಲ್ಲಿನ 120 ವೋಲ್ಟಿನಲ್ಲಿ ಅದು ಮುಲುಗುತ್ತದೆಂದು ಕೊಂಡ ಟ್ರಾನ್ಸ್‌ಫಾರ್ಮರು, ಇವೆಲ್ಲದರ ಹಿಂದೆ ಒಂದು ಸತ್ತ ಕಂಪ್ಯೂಟರು. ಒಂಟಾರಿಯೋದಲ್ಲಿ ಎಲೆಕ್ಟ್ರಾನಿಕ್ ಕಸಕ್ಕೆ 2009ರಿಂದಲೇ ಬೇರೆ ವ್ಯವಸ್ಥೆಯಿದೆ. ಒಯ್ದು ಕೊಟ್ಟರೆ ಕಾಸು ಕೇಳುವುದಿಲ್ಲ. ಕೊಡಲು ಬೇಕಾದ್ದು ಮನಸ್ಸು ಮಾತ್ರ. ನಮ್ಮಲ್ಲಿ ಸುಲಭಕ್ಕೆ ಖರ್ಚಾಗದಿರುವುದೂ ಅದೊಂದೇ.

ನಮ್ಮ ಮನೆಯ ಅಂಥ ಕಂಪ್ಯೂಟರಿಗೆ ಶಾಪವಿಮೋಚನೆ ಮಾಡಿದವರು ಸೂಪರ್ ವೀಸಾದ ಮೇಲೆ ಬಂದ ನಮ್ಮ ಮಾವನವರು. ಸಾಗರದ ಕಡೆಯವರು. ಕೆಇಬಿಗೆ ಸೇರಿ, ಅದು 1999ರಲ್ಲಿ ಕೆಪಿಟಿಸಿಎಲ್ ಆದಾಗಲೂ, 2002ರಲ್ಲಿ ಮೆಸ್ಕಾಂ ಆದಾಗಲೂ ಕೂತ ಕುರ್ಚಿ ಬಿಟ್ಟೇಳದೆ ನಿವೃತ್ತರಾದವರು. ಬೇಸಿಗೆಯಲ್ಲಿ ಬಂದಿದ್ದರೆ ಅಂಗಳದಲ್ಲಿ ಬಸಳೆ ಹಬ್ಬಿಸಿ ಕಾಲ ಕಳೆಯುತ್ತಿದ್ದರು. ಬಂದದ್ದು ಜನವರಿಯಲ್ಲಿ. ಬೆಳಗ್ಗೆ ಸ್ಕ್ವೇರ್ ಒನ್ ಮಾಲಿನ ಒಳಗೆ ವಾಕಿಂಗು, ಮಧ್ಯಾಹ್ನ ಊರಿನ ವಾಟ್ಸ್‌ಆ್ಯಪು, ಸಂಜೆ ಥರ್ಮೋಸ್ಟಾಟಿನ ಮುಂದೆ ನಿಂತು ಸುಮ್ಮನೆ ನೋಡುವುದು. ಇಪ್ಪತ್ತು ಹಳ್ಳಿಗಳ ಫ್ಯೂಸು ನೋಡಿಕೊಂಡಿದ್ದವರಿಗೆ ಅಳಿಯನ ಮನೆಯಲ್ಲಿ ಬದಲಾಯಿಸಲು ಒಂದು ಬಲ್ಬೂ ಸಿಕ್ಕಿರಲಿಲ್ಲ. ಎಲ್‌ಇಡಿ ಬಂದ ಮೇಲೆ ಅವೂ ಕೆಡುವುದಿಲ್ಲ.

ಒಂದು ದಿನ ಬೇಸ್‌ಮೆಂಟಿನಿಂದ ಮೆಟ್ಟಿಲು ಹತ್ತಿ ಬಂದು ಕೇಳಿದರು: “ಅಳಿಯಂದ್ರೇ, ಆ ಎಸ್‌ಎಂಪಿಎಸ್ ಯಾಕೆ ಸುಮ್ನೆ ಮಲಗ್ಸಿದೀರಿ?”

ನಾನು ಪ್ರೊಸೆಸರು ಹಳತೆಂದೆ, ಮೆಮೊರಿ ಯಾರಿಗೂ ಬೇಡದ ಜಾತಿಯದೆಂದೆ. “ಅದನ್ನ ಯಾರು ಕೇಳಿದ್ರು? ಹನ್ನೆರಡು ವೋಲ್ಟ್ ಯಾವತ್ತಾದ್ರೂ ಹಳೇದಾಗತ್ತಾ?”

ಆಗುವುದಿಲ್ಲ. ಹನ್ನೆರಡು ವೋಲ್ಟಿಗೆ ಹೊಸ ಆವೃತ್ತಿ ಬರುವುದಿಲ್ಲ, ಅಪ್‌ಡೇಟ್ ಮಾಡಿ ಎಂದು ಅದು ಪೀಡಿಸುವುದೂ ಇಲ್ಲ. ಕಂಪ್ಯೂಟರಿನಲ್ಲಿ ಮಿಕ್ಕಿದ್ದೆಲ್ಲ ನಾಲ್ಕಾರು ವರ್ಷಕ್ಕೆ ಮುದಿಯಾಗುತ್ತದೆ. ಎಸ್‌ಎಂಪಿಎಸ್ ಎಂಬ, ಎಲ್ಲಕ್ಕೂ ಕರೆಂಟು ಹಂಚುವ ಮೂಲೆಯ ಈ ತಗಡಿನ ಪೆಟ್ಟಿಗೆ ಮಾತ್ರ, ಒಳಗಿನ ಕೆಪಾಸಿಟರುಗಳು ಉಬ್ಬಿರದಿದ್ದರೆ, ಇವತ್ತಿಗೂ ಕೆಲಸಕ್ಕೆ ತಯಾರು. ಇಂಟೆಲ್ 1995ರಲ್ಲಿ ಮಾಡಿದ ಎಟಿಎಕ್ಸ್ ಕಟ್ಟಳೆಯಲ್ಲಿ ತಂತಿಗಳಿಗೆ ಬಿದ್ದ ಬಣ್ಣವೇ ಇಂಥ ಪೆಟ್ಟಿಗೆಗಳಲ್ಲಿ ಈಗಲೂ ನಡೆದಿದೆ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪೆಲ್ಲ ಗ್ರೌಂಡ್. ನೇರಳೆ ತಂತಿಯಲ್ಲಿ ಸದಾ 5 ವೋಲ್ಟ್ ಎಚ್ಚರವಿರುತ್ತದೆ. ಮಿಕ್ಕವನ್ನು ಎಬ್ಬಿಸುವುದು ಹಸಿರು ತಂತಿ. ಅದನ್ನು ಯಾವುದಾದರೊಂದು ಕಪ್ಪು ತಂತಿಗೆ ಜೋಡಿಸಿದರೆ ಸಾಕು, ಮದರ್‌ಬೋರ್ಡಿನ ಅಪ್ಪಣೆಗೆ ಕಾಯದೆ ಪೆಟ್ಟಿಗೆ ಎದ್ದು ಫ್ಯಾನು ತಿರುಗಿಸುತ್ತದೆ. ಡಿಸ್ಕಿಗೆ ಹೋಗುವ ಕನೆಕ್ಟರಿನ ಒಂದು ತುದಿಗೆ ಹಳದಿ, ಇನ್ನೊಂದು ತುದಿಗೆ ಕೆಂಪು ಕಂಡು ಮಾವನವರಿಗೆ ಭಾರೀ ಸಂತೋಷವಾಯಿತು. “ನಮ್ಮ ಬಾವುಟಾನೇ. ನಡುವೆ ಎರಡು ಕಪ್ಪು ಯಾರೋ ರಾಜಕಾರಣಿ ಸೇರ್ಸಿರ್ಬೇಕು.”

ಆ ತಂತಿಗಳನ್ನು ಹೊರಗೆ ತಂದು ಪೆಟ್ಟಿಗೆಯನ್ನು ಮನೆಬಳಕೆಯ ಪವರ್ ಸಪ್ಲೈ ಮಾಡುವುದೆಂದಾಯಿತು. ಕೆಲಸ ಶುರುವಾಗುವ ಮೊದಲು ಎಲ್‌ಸಿ. ಕಂಬ ಹತ್ತುವ ಮುಂಚೆ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಪಡೆಯುವುದು, ಪಡೆದ ಮೇಲೂ ತಂತಿಗೆ ಅರ್ತ್ ರಾಡ್ ತಗುಲಿಸದೆ ಮುಟ್ಟದಿರುವುದು ಅವರ ಇಲಾಖೆಯ ಶಾಸ್ತ್ರ. ಈ ಪೆಟ್ಟಿಗೆಗೂ ಅದು ಬೇಕು. ಗೋಡೆಯಿಂದ ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕಿದ ಡಿಸಿ ಉಳಿದಿರಬಹುದು. ಅದನ್ನು ಇಳಿಸಿಬಿಡುವ ರೆಸಿಸ್ಟರು ಒಳಗಿರುತ್ತದೆ, ಅದೇ ಸುಟ್ಟುಹೋಗಿದ್ದರೆ? ಪ್ಲಗ್ ಕಿತ್ತು ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ತೆರೆದು, ಒಂದು ಕೈಯನ್ನು ಸ್ವೆಟರಿನ ಜೇಬಿಗೆ ಸೇರಿಸಿ, ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಮಾವನವರು ಮುಂದುವರಿದದ್ದು. ನನ್ನ ಹೆಂಡತಿ ಮೆಟ್ಟಿಲಿನ ಮೇಲೆ ನಿಂತು, “ಅಪ್ಪಾ, ಇದೆಲ್ಲ ಬೇಕಾ?” ಎಂದು ಕೇಳುತ್ತಲೇ ಇದ್ದಳು. ಎಲ್‌ಸಿ ಕೊಡುವ ಅಧಿಕಾರ ಅವಳದಾಗಿದ್ದರೆ ಪೆಟ್ಟಿಗೆ ಇವತ್ತಿಗೂ ಮುಚ್ಚಿಯೇ ಇರುತ್ತಿತ್ತು.

ಮೊದಲ ವಿಘ್ನ ಬಂದದ್ದು ಸೋಲ್ಡರಿಂಗ್ ಐರನ್ನಿನಿಂದ. ಅಪ್ಪೆಮಿಡಿ ಭರಣಿಯ ಪಕ್ಕದಲ್ಲಿ ಬಟ್ಟೆ ಸುತ್ತಿ ಅವರು ತಂದಿದ್ದದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ 25 ವ್ಯಾಟಿನದು. ಇಲ್ಲಿನ ಪ್ಲಗ್ಗಿಗೆ ಹಾಕಿದರೆ ಬೆಸುಗೆ ತಂತಿ ಮಿಸುಕಲಿಲ್ಲ. ವೋಲ್ಟೇಜು ಅರ್ಧವಾದರೆ ಶಾಖ ಅರ್ಧಕ್ಕಲ್ಲ, ಕಾಲಿಗೆ ಇಳಿಯುತ್ತದೆ. 25 ವ್ಯಾಟಿನದು ಏಳರ ಆಸುಪಾಸಿಗೆ ಬಂದು ನಿಂತಿತ್ತು. ಆಗ ಮಿಕ್ಸಿಗೆಂದು ಕೊಂಡ ಟ್ರಾನ್ಸ್‌ಫಾರ್ಮರು ಧೂಳು ಕೊಡವಿಕೊಂಡು ಎದ್ದಿತು. ಅದನ್ನು ಎತ್ತಿ ತರುವಾಗ ನನ್ನ ಸೊಂಟ ಹಿಡಿದುಕೊಂಡದ್ದಕ್ಕೂ ಮಾವನವರಲ್ಲಿ ಕಾರಣವಿತ್ತು. ಸೆಕೆಂಡಿಗೆ ಅರವತ್ತೇ ಸಲ ಹೊಯ್ದಾಡುವ ಕರೆಂಟಿಗೆ ಅಷ್ಟು ಕಬ್ಬಿಣ ಬೇಕು. ಎಸ್‌ಎಂಪಿಎಸ್ ಒಳಗೆ ಅದೇ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುವುದರಿಂದ ಮುಷ್ಟಿಯಲ್ಲಿ ಮುಚ್ಚಬಹುದಾದ ಟ್ರಾನ್ಸ್‌ಫಾರ್ಮರೇ ಸಾಕಾಗುತ್ತದೆ.

ಅರವತ್ತರ ಮಾತು ಬಂದದ್ದರಿಂದ ನಾನೂ ಒಂದು ಕಥೆ ಹೇಳಿದೆ. ದಕ್ಷಿಣ ಒಂಟಾರಿಯೋದ ಬಹುಭಾಗದ ಕರೆಂಟು ಒಂದು ಕಾಲದಲ್ಲಿ ಅರವತ್ತರದಲ್ಲ, ನಯಾಗರಾದ ಹಳೆಯ ಯಂತ್ರಗಳಿಂದ ಬರುತ್ತಿದ್ದ 25 ಸೈಕಲ್ಲಿನದು. ಬಲ್ಬುಗಳು ಮಿಣುಕುತ್ತಿದ್ದವು. 1949ರಿಂದ 1959ರವರೆಗೆ ಒಂಟಾರಿಯೋ ಹೈಡ್ರೋದವರು ಬಡಾವಣೆಯಿಂದ ಬಡಾವಣೆಗೆ ಹೋಗಿ, ಮನೆಮನೆ ಹೊಕ್ಕು, ಫ್ರಿಜ್ಜು, ವಾಷಿಂಗ್ ಮಷೀನು, ಗೋಡೆ ಗಡಿಯಾರಗಳ ಮೋಟಾರು ಬದಲಿಸಿ ಇಡೀ ಸೀಮೆಯನ್ನು ಅರವತ್ತಕ್ಕೆ ತಂದರು. ಮಾವನವರು ಕೈಯಲ್ಲಿದ್ದ ಐರನ್ ಕೆಳಗಿಟ್ಟರು. “ಮನೆಮನೆಗೆ ಹೋದ್ರಾ? ಎಸ್ದು ಬೇರೆ ತಗೊಳ್ಳಿ ಅನ್ಲಿಲ್ವಾ?” ಅಲ್ಲಿಯವರೆಗೆ ಅವರ ಕಣ್ಣಿನಲ್ಲಿ ಕೆನಡಾ ಎಂದರೆ ಗಟ್ಟಿಮುಟ್ಟು ಸೋಫಾವನ್ನು ರಸ್ತೆ ಬದಿಗಿಡುವ ದೇಶ. ಆವತ್ತು ಒಂದು ಮೆಟ್ಟಿಲು ಮೇಲೇರಿತು.

ತಂತಿಗಳ ತುದಿಗೆ ಬೇಕಾದ ಟರ್ಮಿನಲ್ಲುಗಳಿಗಾಗಿ ಪೇಟೆಗೆ ಹೋದೆವು. ಕ್ವೀನ್ ಸ್ಟ್ರೀಟಿನಲ್ಲಿ ಬಾಗಿಲಿಗೆ ಗೊರಿಲ್ಲಾ ಬೊಂಬೆ ಕಾವಲಿಟ್ಟಿದ್ದ ಆಕ್ಟಿವ್ ಸರ್ಪ್ಲಸ್ ಎಂಬ ಬಿಡಿಭಾಗಗಳ ಅಂಗಡಿ 2015ರಲ್ಲೇ ಅಲ್ಲಿಂದ ಎದ್ದಿತ್ತು. ಮಾವನವರಿಗೆ ಅದನ್ನು ತೋರಿಸಲಾಗಲಿಲ್ಲ. ಬೇರೆ ಅಂಗಡಿಯಲ್ಲಿ ಪ್ರತಿ ಸ್ಕ್ರೂವಿನ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ, ಎಸ್.ಪಿ. ರೋಡನ್ನು ನೆನೆದು, ನಿಟ್ಟುಸಿರಿಟ್ಟು, ಬೇಕಾದ್ದಕ್ಕಿಂತ ಎರಡು ಹೆಚ್ಚೇ ಕೊಂಡರು. ಜೊತೆಗೆ ಹತ್ತು ಓಮಿನ, ಹತ್ತು ವ್ಯಾಟಿನ ಬಿಳಿಯ ಸಿಮೆಂಟ್ ರೆಸಿಸ್ಟರು.

ಅದನ್ನು ಅವರು ಕೆಂಪು ಮತ್ತು ಕಪ್ಪು ತಂತಿಗಳ ನಡುವೆ ಖಾಯಮ್ಮಾಗಿ ಬೆಸೆದು, ಫ್ಯಾನಿನ ಗಾಳಿಗೆ ಸಿಗುವ ಹಾಗೆ ಪೆಟ್ಟಿಗೆಯ ಮೈಗೆ ಬಿಗಿದರು. ಅರ್ಧ ಆಂಪಿಯರ್ ಎಳೆದು ಎರಡೂವರೆ ವ್ಯಾಟ್ ಬಿಸಿ ಮಾಡುವುದು ಬಿಟ್ಟು ಅದಕ್ಕೆ ಬೇರೆ ಕೆಲಸವಿಲ್ಲ. ವ್ಯರ್ಥವಲ್ಲವೇ ಎಂದೆ. ಮಾವನವರು ಅದನ್ನು ಬಿಚ್ಚಿ, 12ರ ಕಡೆಗೆ ಕಾರಿನ ಬಲ್ಬೊಂದನ್ನು ಕಟ್ಟಿ, ಮೀಟರು ತೋರಿಸಿದರು: ಹನ್ನೆರಡು ಕುಸಿದು ಹನ್ನೊಂದರ ಕಡೆಗೆ ಜಾರಿತ್ತು. ಮತ್ತೆ ಕಟ್ಟಿದರು: ಮೇಲೆದ್ದು ನಿಂತಿತು. ಹಳೆಯ ಪೆಟ್ಟಿಗೆಗಳಲ್ಲಿ ಐದನ್ನೂ ಹನ್ನೆರಡನ್ನೂ ಒಂದೇ ಹಿಡಿತದಲ್ಲಿ ನಡೆಸುತ್ತಾರೆ. ಐದಕ್ಕೆ ಕೆಲಸವಿಲ್ಲದಿದ್ದರೆ ಅದು ಮೇಲೇರುತ್ತದೆ, ಹನ್ನೆರಡು ಕುಗ್ಗುತ್ತದೆ. ಕೆಲವು ಪೆಟ್ಟಿಗೆಗಳು ಏಳುವುದೇ ಇಲ್ಲ. “ಲೋಡ್ ಬೇಕು ಅಳಿಯಂದ್ರೇ. ಖಾಲಿ ಕೂರ್ಸಿದ್ರೆ ನಿಲ್ಲಲ್ಲ.”

ಸ್ಕ್ವೇರ್ ಒನ್ನಿನ ವಾಕಿಂಗು ನಿಂತು ಆಗಲೇ ಕೆಲವು ವಾರಗಳಾಗಿದ್ದವೆಂಬುದು ನನ್ನ ಗಮನಕ್ಕೆ ಬಂದದ್ದು ಆಗ.

ಆ ಪೆಟ್ಟಿಗೆಯಿಂದ ಈಗ ಕಾರಿನ ಟೈರಿಗೆ ಗಾಳಿ ಹಾಕುತ್ತೇವೆ. ದಸರೆ ಗೊಂಬೆಯ ಮೆಟ್ಟಿಲುಗಳಿಗೆ ಎಲ್‌ಇಡಿ ಪಟ್ಟಿ ಅದರಿಂದಲೇ. ಹಳದಿಗೂ ಕೆಂಪಿಗೂ ನಡುವಿನ 7 ವೋಲ್ಟಿನಲ್ಲಿ ಒಂದು ಪುಟ್ಟ ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಹತ್ತಿರ ರೇಡಿಯೋ ಇಟ್ಟರೆ ಮಾತ್ರ ಕರಕರ. ಹನ್ನೆರಡೇ ವೋಲ್ಟೆಂದು ಯಾರೂ ಸದರ ಮಾಡಬಾರದೆಂದು ಪ್ರತಿ ಟರ್ಮಿನಲ್ಲಿಗೂ ಫ್ಯೂಸಿದೆ. ಹತ್ತಿಪ್ಪತ್ತು ಆಂಪಿಯರು ಹರಿದರೆ ಸಣ್ಣ ತಂತಿ ಕೆಂಪಗೆ ಕಾಯುತ್ತದೆ. ಸುದ್ದಿ ಹಬ್ಬಿ, ಬ್ರಾಂಪ್ಟನ್ನಿನ ಗೆಳೆಯರು ತಮ್ಮ ಬೇಸ್‌ಮೆಂಟಿನ ಹೆಣಗಳನ್ನೂ ತಂದಿಟ್ಟರು. ಅವುಗಳಲ್ಲಿ ಹೊಸ ಮಾದರಿಯ ಒಂದಿತ್ತು. ಇಂಥವುಗಳಲ್ಲಿ ಐದನ್ನು ಹನ್ನೆರಡರಿಂದಲೇ ಬೇರೆಯಾಗಿ ತೆಗೆಯುತ್ತಾರೆ. ಏನೂ ಹೊರಿಸದಿದ್ದರೂ ವೋಲ್ಟೇಜು ಅಲುಗುವುದಿಲ್ಲ. ಅದಕ್ಕೆ ರೆಸಿಸ್ಟರು ಬೇಡ ಮಾವ ಎಂದೆ. ಮೀಟರಿಟ್ಟು ನೋಡಿ, ಹೌದೆಂದು ಒಪ್ಪಿ, ಆಮೇಲೂ ಒಂದು ಬೆಸೆದರು.

“ಇರ್ಲಿ. ಹೊಸ ಕಾಲದವು ಸುಮ್ನೆ ಕೂತ್ರೂ ನಡೀತೀವಿ ಅಂತ್ವೆ. ಹಾಗಂತ ಕೂರ್ಸೋದಾ?”

ಮಾತು ಮೆಟ್ಟಿಲು ಹತ್ತಿ ಅಡುಗೆಮನೆಗೂ ತಲುಪಿತು. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಹೆಂಡತಿ ಸಲಿಕೆಯನ್ನು ತಂದು, ಸೋಫಾದ ಮೇಲಿದ್ದ ನನ್ನ ಕೈಗೆ ಕೊಟ್ಟಳು.