ಬೆಣ್ಣೆ ಡಬ್ಬಿ ಹಿಡ್ಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ

ಅವಳಿ ಮಕ್ಕಳಿರೋ ಮನೆಯಲ್ಲಿ ‘ಬೆಳಿಗ್ಗೆ ಆರಕ್ಕೆ ಹೊರಡೋಣ’ ಅಂದರೆ ಎಂಟೂವರೆ ಅಂತಲೇ ಅರ್ಥ. ಒಬ್ಬನಿಗೆ ಶೂ ಹಾಕಿ ನಿಲ್ಲಿಸೋ ಹೊತ್ತಿಗೆ ಇನ್ನೊಬ್ಬಳು ಬಿಚ್ಚಿ ಎಸೆದಿರುತ್ತಾಳೆ. ಆದರೂ ಕಳೆದ ಆಗಸ್ಟ್‌ನ ಆ ಶನಿವಾರ ಏಳೂವರೆಗೆಲ್ಲ ನಮ್ಮ ಕಾರು ಮೈಸೂರು ದಾಟಿತ್ತು. ಅದಕ್ಕೆ ಕಾರಣ ನಮ್ಮ ಅತ್ತೆ. ವಾರವಿಡೀ ಕೂಡಿಟ್ಟ ಕೆನೆಯನ್ನು ನಾಲ್ಕೂವರೆಗೇ ಎದ್ದು ಕಡೆದು, ಬೆಣ್ಣೆ ತೆಗೆದು, ಸ್ಟೀಲ್ ಡಬ್ಬಿಗೆ ತುಂಬಿ, ಅದನ್ನ ಮಡಿಲಲ್ಲಿ ಇಟ್ಕೊಂಡು ರೇಷ್ಮೆ ಸೀರೆಯಲ್ಲಿ ಸೋಫಾ ಮೇಲೆ ಕೂತುಬಿಟ್ಟಿದ್ದರು. ಆ ಕೂತ ಭಂಗಿ ನೋಡಿದರೆ ಯಾರಿಗೂ ತಡ ಮಾಡೋ ಧೈರ್ಯ ಬರಲ್ಲ.

ಹೊರಟಿದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ. ನಂಜನಗೂಡು, ಬೇಗೂರು, ಗುಂಡ್ಲುಪೇಟೆ ಆದಮೇಲೆ ಊಟಿ ರಸ್ತೆಯಲ್ಲಿ ಹಂಗಳದ ಹತ್ತಿರ ಬಲಕ್ಕೆ ತಿರುಗಬೇಕು. ಮಕ್ಕಳನ್ನ ಎರಡು ಸಲ ಇಳಿಸಿ ಹತ್ತಿಸಿದರೂ ಎರಡೂವರೆ ಗಂಟೆಯ ದಾರಿ. 1454 ಮೀಟರ್ ಎತ್ತರ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಮಕ್ಕಳಿಗೆ ಉಸಿರಾಟದ ತೊಂದರೆ ಆಗುತ್ತೇನೋ ಅಂತ ನಮ್ಮಮ್ಮ ಬೆಂಗಳೂರಿನಿಂದ ಫೋನ್ ಮಾಡಿ ಹೆದರಿಸಿದ್ದರು. ಆ ಥರದ ತೊಂದರೆ ಸಾಮಾನ್ಯವಾಗಿ ಶುರುವಾಗೋದು 2500 ಮೀಟರ್ ದಾಟಿದ ಮೇಲೆ. ಇಲ್ಲಿ ಇರೋದು ಚಳಿ. ಮೈಸೂರಿಗಿಂತ ನಾಲ್ಕೈದು ಡಿಗ್ರಿ ಕಡಿಮೆ, ಜೊತೆಗೆ ಮಂಜು, ಗಾಳಿ. ಸ್ವೆಟರ್, ಟೋಪಿ ಇದ್ದರೆ ಸಾಕು.

ಈ ಪ್ರವಾಸ ಮೂರು ವರ್ಷದಿಂದ ಮುಂದಕ್ಕೆ ಹೋಗ್ತಾ ಇತ್ತು. ‘ಮಕ್ಕಳು ಇನ್ನೂ ಚಿಕ್ಕವು ಅತ್ತೆ’ ಅಂತ ಹೇಳ್ತಿದ್ದವಳು ನಾನೇ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಗೋಪಾಲಸ್ವಾಮಿ ಅಂದರೆ ಮಕ್ಕಳಿಲ್ಲದವರು ಹರಕೆ ಹೊತ್ತುಕೊಳ್ಳೋ ದೇವರು. ಅತ್ತೆಯೂ ಹೊತ್ತಿದ್ದರು, ಮಗು ಆದರೆ ಕರ್ಕೊಂಡು ಬಂದು ಮನೆ ಬೆಣ್ಣೆ ಒಪ್ಪಿಸ್ತೀನಿ ಅಂತ. ನಮಗೆ ಮಕ್ಕಳಾಗಿದ್ದು ಐವಿಎಫ್‌ನಿಂದ. ಎರಡು ಸಲ ಆಗಲಿಲ್ಲ, ಮೂರನೇ ಸಲ ಆಯ್ತು. ಮಾಡಿಸಿಕೊಂಡವರಿಗೆ ಗೊತ್ತು: ದಿನಾ ಹೊಟ್ಟೆಗೆ ಇಂಜೆಕ್ಷನ್, ಆಫೀಸಿನ ಫ್ರಿಜ್ಜಿನಲ್ಲಿ ಮೊಸರನ್ನದ ಹಿಂದೆ ಬಚ್ಚಿಟ್ಟ ಔಷಧಿ, ಮೀಟಿಂಗ್ ಮಧ್ಯೆ ಎದ್ದು ಸ್ಕ್ಯಾನಿಂಗಿಗೆ ಓಡೋದು. ಭ್ರೂಣ ಒಳಗಿಟ್ಟ ಮೇಲೆ ಫಲಿತಾಂಶಕ್ಕೆ ಹೆಚ್ಚುಕಮ್ಮಿ ಎರಡು ವಾರ ಕಾಯಬೇಕು. ಆ ಎರಡು ವಾರದಷ್ಟು ಉದ್ದ ನಾನು ಬೇರೇನೂ ಕಂಡಿಲ್ಲ. ಸಾಲ ತೀರಿದ್ದು ಮಕ್ಕಳಿಗೆ ಎರಡು ವರ್ಷ ತುಂಬಿದ ಮೇಲೆ.

ಇಷ್ಟೆಲ್ಲ ಗೊತ್ತಿದ್ದೂ ಅತ್ತೆ ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ತರಕಾರಿ ಗಾಡಿ ಮುಂದೆ ಕೂಡ ‘ಗೋಪಾಲಸ್ವಾಮಿ ಕೊಟ್ಟ’ ಅಂತ ಹೇಳ್ತಾ ಬಂದರು. ಚುಚ್ಚಿಸಿಕೊಂಡವಳು ನಾನು, ಹೆಸರು ಅವನಿಗೆ! ಮುಖದ ಮೇಲೆ ನಗು ಇಟ್ಟುಕೊಂಡು ಹಲ್ಲು ಕಡಿಯೋದು ಹೇಗೆ ಅಂತ ಆ ಮೂರು ವರ್ಷದಲ್ಲಿ ಚೆನ್ನಾಗಿ ಕಲಿತೆ. ಬೆಟ್ಟಕ್ಕೆ ಹೋಗಿ ಹರಕೆ ತೀರಿಸಿದರೆ ಆ ಲೆಕ್ಕಕ್ಕೆ ನಾನೇ ಸಹಿ ಹಾಕಿದ ಹಾಗೆ ಅನ್ನಿಸ್ತಿತ್ತು.

ಗುಂಡ್ಲುಪೇಟೆ ಕಡೆ ಚೆಂಡು ಹೂವಿನ ಹೊಲಗಳು ಶುರುವಾದವು. ರಸ್ತೆ ಪಕ್ಕದಲ್ಲೆಲ್ಲ ಕಾರು ನಿಲ್ಲಿಸಿ ಸೆಲ್ಫಿ ತೆಗೆಯೋರ ಸಾಲು. ನಾವೂ ನಿಂತೆವು, ಆದರೆ ಹೂವಿಗಲ್ಲ. ಮಗಳಿಗೆ ವಾಂತಿ ಬರೋ ಹಾಗಾಗಿತ್ತು. ಕಾರಿನಲ್ಲಿ ಮೊಬೈಲ್ ಕೊಟ್ಟರೆ ಮಕ್ಕಳು ಸುಮ್ಮನಿರುತ್ತವೆ ನಿಜ, ಆದರೆ ತಿರುವಿನ ದಾರಿಯಲ್ಲಿ ಕಣ್ಣು ಪರದೆಗೆ ನೆಟ್ಟಿದ್ದರೆ ಹೊಟ್ಟೆ ತೊಳೆಸೋದು ಜಾಸ್ತಿ. ಹಾಗಾಗಿ ನಮ್ಮದು ‘ಹಸು ಎಣಿಸೋ’ ಆಟ. ಹಂಗಳದ ಹೊತ್ತಿಗೆ ಮಗ ಹದಿಮೂರರ ನಂತರ ಸೀದಾ ಇಪ್ಪತ್ತಕ್ಕೆ ಜಿಗಿದು ಗೆದ್ದ.

ಬೆಟ್ಟದ ಮೇಲಕ್ಕೆ ಸ್ವಂತ ಗಾಡಿ ಬಿಡಲ್ಲ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿರೋ ಜಾಗ ಅದು. ಬುಡದಲ್ಲಿ ಕಾರು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು, ಪ್ಲಾಸ್ಟಿಕ್ ಒಯ್ಯೋ ಹಾಗಿಲ್ಲ, ಸಂಜೆಯೊಳಗೆ ಎಲ್ಲರೂ ಇಳಿಯಲೇಬೇಕು. ನನಗಂತೂ ಈ ನಿಯಮ ಇಷ್ಟವಾಯ್ತು. ಆ ತಿರುವುಗಳಲ್ಲಿ ನನ್ನ ಗಂಡ ಡ್ರೈವ್ ಮಾಡೋದನ್ನ ನೋಡೋ ಕಷ್ಟ ತಪ್ಪಿತು. ಚಿಕ್ಕ ಮಕ್ಕಳಿರೋರಿಗೆ ಒಂದು ಮಾತು: ಬಸ್ಸು ಹತ್ತೋ ಮುಂಚೆಯೇ ಟಾಯ್ಲೆಟ್ ಮುಗಿಸಿಬಿಡಿ. ಮೇಲೆ ಹುಲ್ಲುಗಾವಲು ಎಷ್ಟೇ ಕರೆದರೂ ಅದು ಆನೆಗಳ ಜಾಗ.

ಬಸ್ಸಿನಲ್ಲಿ ಒಂದು ಅನಾಹುತ ಆಯ್ತು. ಅಜ್ಜಿ ತೊಡೆ ಮೇಲೆ ಕೂತಿದ್ದ ಮಗ ಯಾವ ಮಾಯದಲ್ಲಿ ಡಬ್ಬಿ ಮುಚ್ಚಳ ತೆಗೆದನೋ, ನೋಡೋ ಹೊತ್ತಿಗೆ ಬೆರಳು ಬಾಯಲ್ಲಿ. ಬೆಣ್ಣೆ ಮೇಲೆ ಒಂದು ಸಣ್ಣ ಗುಂಡಿ. ನಾನು ಉಸಿರು ಬಿಗಿಹಿಡಿದೆ. ಎಂಜಲು, ಮಡಿ ಅಂತ ಮನೆಯಲ್ಲಿ ಲೋಟ ಕೂಡ ಬೇರೆ ಇಡೋ ಹೆಂಗಸು. ಅತ್ತೆ ಒಂದು ಗಳಿಗೆ ಡಬ್ಬಿ ನೋಡಿದರು. ಆಮೇಲೆ ಸೀರೆ ಪಿನ್ನಿನ ಹಿಂಬದಿಯಿಂದ ಬೆಣ್ಣೆ ನಯ ಮಾಡಿ, ಮುಚ್ಚಳ ಒತ್ತಿ, ‘ಭಟ್ರ ಹತ್ರ ಬಾಯಿ ಬಿಡ್ಬೇಡ’ ಅಂದರು. ಮಗನಿಗಲ್ಲ, ನನಗೆ.

ಮೇಲೆ ಹತ್ತು ಅಡಿ ಮುಂದಿರೋರು ಕಾಣಲ್ಲ, ಅಂಥ ಮಂಜು. ಬಸ್ಸಿಂದ ಗುಡಿಗೆ ಇರೋ ಮೆಟ್ಟಿಲನ್ನ ಅತ್ತೆ ಮಂಡಿ ಹಿಡ್ಕೊಂಡು, ಮಕ್ಕಳು ಎರಡೂ ಕಾಲು ಜೋಡಿಸಿ ಜಿಗಿಯುತ್ತಾ, ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಹತ್ತಿದರು. ಒಳಗೆ ಕೊಳಲು ಹಿಡಿದ ಕೃಷ್ಣ. ಬೆಣ್ಣೆ ಒಳಗೆ ಹೋಯ್ತು. ಇಬ್ಬರೂ ಸಾಲಲ್ಲಿ ಅಳದೆ ನಿಂತಿದ್ದೇ ದೊಡ್ಡದು.

ಹೊರಗೆ ಬಂದಮೇಲೆ ಅಜ್ಜಿ ಕಥೆ ಹೇಳಿದರು. ಇಲ್ಲಿನ ಹಂಸತೀರ್ಥದಲ್ಲಿ ಕಾಗೆಯೊಂದು ಮುಳುಗಿ ಎದ್ದು ಹಂಸ ಆಯ್ತಂತೆ, ಅವತ್ತಿಂದ ಈ ಬೆಟ್ಟದಲ್ಲಿ ಕಾಗೆಗಳೇ ಇಲ್ಲವಂತೆ. ಕಥೆ ಮುಗಿಯೋದೇ ತಡ, ಇಬ್ಬರೂ ಕಾಗೆ ಹುಡುಕೋಕೆ ಹೊರಟರು. ಹಿಂದೆ ಅವರಪ್ಪ ಓಡಿದ. ನಾನೂ ಅತ್ತೆಯೂ ಗೋಡೆ ಮರೆಯಲ್ಲಿ ಗಾಳಿಗೆ ಬೆನ್ನು ಮಾಡಿ ಕೂತೆವು.

‘ಅಂತೂ ನಿಮ್ಮ ಹರಕೆ ತೀರಿತು ಅತ್ತೆ’ ಅಂದೆ. ದನಿಯಲ್ಲಿ ಸ್ವಲ್ಪ ಹುಳಿ ಇತ್ತೇನೋ.

‘ನೀನು ಎರಡನೇ ಸಲ ಆಸ್ಪತ್ರೆಯಿಂದ ಬಂದಾಗ ಬಚ್ಚಲಮನೇಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆಯಲ್ಲ’ ಅಂದರು. ‘ಮಾರನೇ ದಿನ ನಾನು ಅಕ್ಕನ ಮನೆಗೆ ಅಂತ ಹೇಳಿ ಹೋದೆ ನೋಡು, ಇಲ್ಲಿಗೇ ಬಂದಿದ್ದು. ಒಬ್ಳೇ, ಬಸ್ಸು ಬದಲಾಯ್ಸಿ. ಆ ಡಾಕ್ಟರಮ್ಮನ ಹತ್ರ ಇಂಗ್ಲಿಷಲ್ಲಿ ಏನು ಕೇಳ್ಬೇಕು ಅಂತ ನಂಗೆ ಗೊತ್ತಿಲ್ಲ. ಗೊತ್ತಿರೋ ಜಾಗ ಇದೊಂದೇ.’

ನಾನು ಸುಮ್ಮನಿದ್ದೆ. ಆಮೇಲೆ ಕೇಳಿಯೇ ಬಿಟ್ಟೆ, ‘ಮತ್ತೆ ಎಲ್ಲರ ಹತ್ರ ಗೋಪಾಲಸ್ವಾಮಿ ಕೊಟ್ಟ ಅಂತೀರಲ್ಲ, ನನ್ನ ಪಾಡು ಏನೂ ಇರಲೇ ಇಲ್ಲವಾ?’

ಅತ್ತೆ ನನ್ನನ್ನ ದಡ್ಡಿ ಅನ್ನೋ ಹಾಗೆ ನೋಡಿದರು. ‘ದೇವ್ರು ಕೊಟ್ಟ ಅಂದ್ರೆ ಕೈ ಮುಗಿದು ಸುಮ್ನಾಗ್ತಾರೆ. ಡಾಕ್ಟ್ರು ಅಂದು ನೋಡು, ಯಾರಲ್ಲಿ ತೊಂದ್ರೆ ಇತ್ತು, ಸೊಸೇಲಾ, ಮಗನಲ್ಲಾ, ಎಷ್ಟು ದುಡ್ಡಾಯ್ತು, ಮಕ್ಕಳು ನಿಮ್ಮವೇ ತಾನೆ ಅಂತ ಒಂದೊಂದೇ ಶುರು ಮಾಡ್ತಾರೆ. ನಂಗೊತ್ತಿಲ್ವಾ ನಮ್ಮ ಜನ? ಅವನ ಹೆಸರು ಹೇಳಿದ್ರೆ ಅವನಿಗೇನು ನಷ್ಟ?’

(ಇದನ್ನ ಬರೆಯೋ ಮುಂಚೆ ಅತ್ತೆಯನ್ನ ಕೇಳಿದೆ. ‘ನೀನೇ ಹೇಳ್ಕೊಳ್ಳೋದಾದ್ರೆ ಹೇಳ್ಕೋ. ನಾನು ಹೇಳೋದು ಬೇರೆ’ ಅಂದರು.)

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮಂಜು ಒಂದು ನಿಮಿಷ ಸರಿದು, ಕೆಳಗಿನ ಹುಲ್ಲಿನ ಇಳಿಜಾರು, ಅದರಾಚೆ ಗುಡ್ಡದ ಸಾಲು ಕಂಡು, ಮತ್ತೆ ಮುಚ್ಚಿಕೊಂಡಿತು. ಅತ್ತೆಯ ಮಂಡಿ ಹಿಡ್ಕೊಂಡಿತ್ತು. ನನ್ನ ಶಾಲು ತೆಗೆದು ಅದರ ಮೇಲೆ ಹೊದಿಸಿದೆ. ಬೇಡ ಅನ್ನಲಿಲ್ಲ.

ಇಳಿಯೋವಾಗ ಮಕ್ಕಳು ಬಸ್ಸಿನಲ್ಲೇ ನಿದ್ದೆ. ಕೆಳಗೆ ಬಂದು ಕಾಡಿನ ರಸ್ತೆ ಮುಗಿದ ಮೇಲೆ, ಹಂಗಳದಾಚೆ ಒಂದು ಮರದ ಕೆಳಗೆ ಕಾರು ನಿಲ್ಲಿಸಿ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದೆವು. ಮೊದಲ ತುತ್ತಿಗೇ ಒಂದು ಕಾಗೆ ಬಂದು ಬಾನೆಟ್ ಮೇಲೆ ಕೂತಿತು. ಬೆಳಗ್ಗಿಂದ ಹುಡುಕಿದ್ದು ಕೊನೆಗೂ ಸಿಕ್ಕ ಖುಷಿಗೆ ಇಬ್ಬರೂ ಕಿರುಚಿದರು.

‘ಅಜ್ಜಿ, ಇದು ಯಾಕೆ ಹಂಸ ಆಗಿಲ್ಲ?’ ಮಗಳು ಕೇಳಿದಳು.

‘ಅದಕ್ಕೆ ಬಸ್ಸು ಸಿಕ್ಕಿಲ್ಲ ಕಣೇ’ ಅಂತ ಅತ್ತೆ ತಮ್ಮ ತಟ್ಟೆಯಿಂದ ಒಂದು ತುತ್ತು ತೆಗೆದು ಅದಕ್ಕೂ ಇಟ್ಟರು.