ಬ್ಯಾಡಗಿಯ ಘಾಟು

ದೇಶವೆಲ್ಲ ಬ್ಯಾಡಗಿ ಮೆಣಸಿನಕಾಯಿ ಎಂದು ಕರೆಯುವ ಕಾಯಿ ಬ್ಯಾಡಗಿಯ ಹೊಲಗಳಲ್ಲಷ್ಟೇ ಬೆಳೆದದ್ದಲ್ಲ. ಕುಂದಗೋಳ, ಹುಬ್ಬಳ್ಳಿ, ಗದಗ ಸೀಮೆಯ ಎರೆ ಹೊಲಗಳಲ್ಲಿ ಉಳ್ಳಾಗಡ್ಡಿ, ಹತ್ತಿಯ ಜೊತೆ ಮಳೆ ನಂಬಿ ಬೆಳೆದ ಕಾಯಿ ಬ್ಯಾಡಗಿಯ ಪೇಟೆಗೆ ಬರುತ್ತಿತ್ತು. ಇಲ್ಲಿ ದಲಾಲರಿದ್ದರು, ರೈಲಿತ್ತು, ಹತ್ತಿರದ ಮೋಟೆಬೆನ್ನೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಇತ್ತು.

ನಾನು ಮೊದಲು ಕಂಡದ್ದು ಕೈ–ಮೂಗು ನಂಬಿ ನಡೆಯುತ್ತಿದ್ದ ಪೇಟೆ. ಸೋಮವಾರ, ಗುರುವಾರ ದಲಾಲಿ ಅಂಗಡಿಗಳ ಮುಂದೆ ಕಾಯಿಯ ರಾಶಿ. ಖರೀದಿದಾರ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಬೀಜ ಗಲಗಲ ಎಂದರೆ ಒಣಗಿದೆ. ಆಮೇಲೆ ಒಂದು ಕಾಯಿ ಮುರಿದು ಮೂಸಿ, ಸಿಪ್ಪೆಯನ್ನು ಬೆರಳಿಗೆ ತಿಕ್ಕಿ ಬಣ್ಣ ನೋಡುತ್ತಿದ್ದ. ಗಿಡ್ಡಗೆ, ದಪ್ಪಗಿರುವ ಡಬ್ಬಿಗೆ ಒಂದು ದರ; ಉದ್ದಕ್ಕೆ ಸುಕ್ಕುಗಟ್ಟಿದ ಕಡ್ಡಿಗೆ ಇನ್ನೊಂದು. “ಯಜಮಾನ್ರ, ತಳದಾಗ ಇನ್ನೂ ಹಸಿ ಐತಲ್ರಿ?” “ನಾಕ ದಿನ ಬಿಸಲಾಗ ಹರವೇನ್ರಿ ಸಾವ್ಕಾರ್ರ, ಇನ್ನೊಂದ ಹಿಡಿ ತಗದ ನೋಡ್ರಿ.” ಜಗಳವೂ ಆಗುತ್ತಿತ್ತು. ಆದರೆ ಜಗಳಕ್ಕೆ ಎದುರಿಗೊಬ್ಬ ಮನುಷ್ಯ ಇರುತ್ತಿದ್ದ.

ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳ ಮಾತು ಬೇರೆ. ಮೂಗು–ಬಾಯಿಗೆ ಸೆರಗು ಬಿಗಿದು, ಕಾಲು ಚಾಚಿ ಕೂತು ತೊಟ್ಟು ಮುರಿಯುತ್ತಾರೆ. ಎಡಗೈಯಲ್ಲಿ ಕಾಯಿ, ಬಲಗೈ ಹೆಬ್ಬೆರಳ ಉಗುರು ತೊಟ್ಟಿನ ಬುಡಕ್ಕೆ, ಚಟಕ್. ಸಂಜೆ ಎಷ್ಟು ಎಣ್ಣೆ ಹಚ್ಚಿ ತೊಳೆದರೂ ಬೆರಳ ಉರಿ ಹೋಗದು. ಮನೆಯಲ್ಲಿ ಕೂಸು ಅತ್ತರೂ ಮುಟ್ಟಲು ಹೆದರಿಕೆ. ಕಿಲೋ ಲೆಕ್ಕದ ಆ ಕೂಲಿಯ ಮೇಲೆ ನಿಂತಿರುವ ಮನೆಗಳು ಈ ಊರಲ್ಲಿ ಬಹಳ. ಬ್ಯಾಡಗಿಯ ಬಗ್ಗೆ ಬರೆಯುವವರು ಇವರ ಬೆರಳುಗಳನ್ನು ಬಿಟ್ಟು ಬರೆದರೆ ನನಗೆ ಸಿಟ್ಟು ಬರುತ್ತದೆ.

ಪೇಟೆಯನ್ನು ಬದಲಿಸಿದ್ದು ಬಣ್ಣ. ಅಡುಗೆಮನೆಗೆ ಹೋಗುತ್ತಿದ್ದ ಕಾಯಿಯ ದೊಡ್ಡ ಪಾಲು ಓಲಿಯೋರೆಸಿನ್ ಎಂಬ ಸಾರ ತೆಗೆಯುವ ಕಾರ್ಖಾನೆಗೆ ಹೊರಳಿತು. ಅಲ್ಲಿ ಖಾರಕ್ಕಿಂತ ಕೆಂಪು ಮುಖ್ಯ, ಆ ಕೆಂಪನ್ನು ಪ್ರಯೋಗಾಲಯ ಅಳೆದು ಹೇಳುತ್ತದೆ. ಗೋದಾಮಿನಲ್ಲಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಮಾಸುವ ಬಣ್ಣ ತಂಪಿನಲ್ಲಿ ಉಳಿಯುತ್ತದೆಂದು ಗೊತ್ತಾದಾಗ ರಸ್ತೆ ಬದಿಯಲ್ಲಿ ಒಂದಾದ ಮೇಲೊಂದು ಕೋಲ್ಡ್ ಸ್ಟೋರೇಜ್ ಎದ್ದವು. ರೈಲು ಬ್ರಾಡ್‌ಗೇಜ್ ಆಯಿತು, ಹೆದ್ದಾರಿ ನಾಲ್ಕು ಪಥವಾಯಿತು. 2011ರಲ್ಲಿ ಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಅಷ್ಟರಲ್ಲಿ, ನೋವಿನ ಸಂಗತಿಯೆಂದರೆ, ಸುತ್ತಲಿನ ಎಷ್ಟೋ ರೈತರು ಮುಟುರು ರೋಗಕ್ಕೆ, ಕೈಕೊಡುವ ಮಳೆಗೆ ಸೋತು ಗೋವಿನಜೋಳ, ಬಿಟಿ ಹತ್ತಿಗೆ ಹೋಗಿದ್ದರು. ಈಗ ಲಾರಿಗಳು ಬಳ್ಳಾರಿ, ರಾಯಚೂರು, ಆಂಧ್ರದ ನೀರಾವರಿ ಹೊಲಗಳಿಂದ ಬರುತ್ತವೆ. ದರ ಕಂಪ್ಯೂಟರಿನಲ್ಲಿ ಬೀಳುತ್ತದೆ.

2024ರ ಮಾರ್ಚ್ 11, ಸೋಮವಾರ, ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ಯಾರೂ ಒಪ್ಪಲಾಗದು. ಆದರೆ ದೂರದಿಂದ ಬಂದವನ ಲೆಕ್ಕವನ್ನೂ ನೋಡಬೇಕು: ಲಾರಿ ಬಾಡಿಗೆ ಕೊಟ್ಟಾಗಿದೆ, ಕಾಯಿ ಬಿಡಿಸಿದ ಕೂಲಿಯ ಸಾಲ ತಲೆಯ ಮೇಲಿದೆ, ವಾಪಸ್ ಒಯ್ದರೆ ಮತ್ತೆ ಬಾಡಿಗೆ. ದರ ಒಪ್ಪದ ರೈತ ಒಂದೆರಡು ವಾರ ತನ್ನ ಚೀಲಗಳನ್ನು ಇಟ್ಟು ಕಾಯಲು ಕಡಿಮೆ ಬಾಡಿಗೆಯ ಜಾಗ ಪೇಟೆಯಲ್ಲೇ ಸಿಗಬೇಕು. ಇಷ್ಟೊಂದು ಕೋಲ್ಡ್ ಸ್ಟೋರೇಜ್ ಇರುವ ಊರಿನಲ್ಲಿ ಅದು ಆಗದ ಮಾತಲ್ಲ.