ಅಮ್ಮನ ಮಂಕಿಗೆ ಕಾರಣ ಮನಸ್ಸಲ್ಲ

ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಿದ ಕೆಲವು ತಿಂಗಳಿಗೆ ಅಮ್ಮ ಮಂಕಾದಳು. ಮಾತಿಲ್ಲ, ಸೀರಿಯಲ್ ಬೇಡ, ಸದಾ ನಿದ್ದೆ, ಚಳಿ. "ಏನೋ ಮನಸ್ಸಿಗೆ ಹಚ್ಕೊಂಡಿದ್ದಾಳೆ ಕಣೇ" ಅಂದರು ದೊಡ್ಡಮ್ಮ.

ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಖಿನ್ನತೆಗೆ ಔಷಧಿ ಬರೆಯುವ ಮೊದಲು ಟಿಎಸ್‌ಎಚ್ ಟೆಸ್ಟ್ ಮಾಡಿಸಿದರು. ವಿಪರೀತ ಏರಿತ್ತು, ಅಂದರೆ ದೇಹಕ್ಕೆ ಥೈರಾಯ್ಡ್ ಹಾರ್ಮೋನ್ ಸಾಲುತ್ತಿರಲಿಲ್ಲ. ಕಾರಣ ಹಿಡಿದದ್ದು ಹಾರ್ಮೋನ್ ತಜ್ಞರು. ಆಪರೇಷನ್ ನಂತರ ಕೊಟ್ಟ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಒಟ್ಟಿಗೇ ಹೊಟ್ಟೆಗೆ ಹೋಗುತ್ತಿದ್ದವು. ಹಾಗೆ ತಗೊಂಡರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. 4 ಗಂಟೆ ಅಂತರ ಬೇಕು ಅಂತ ಡಿಸ್ಚಾರ್ಜ್ ದಿನ ಯಾರೂ ಹೇಳಿರಲಿಲ್ಲ.

ಥೈರಾಯ್ಡಿಗೂ ಮನಸ್ಸಿಗೂ ಇರುವ ನಂಟು ವೈದ್ಯರಿಗೆ ಹೊಸದಲ್ಲ. 1883ರಲ್ಲಿ ಸ್ವಿಸ್ ಸರ್ಜನ್ ಥಿಯೋಡೋರ್ ಕೋಕರ್, ತಾವು ಇಡೀ ಗ್ರಂಥಿ ತೆಗೆದಿದ್ದ ರೋಗಿಗಳಲ್ಲಿ ಹಲವರ ದೇಹ, ಬುದ್ಧಿ ಎರಡೂ ಮಂದವಾಗಿದ್ದನ್ನು ಕಂಡು, ಅದನ್ನು ತಾವೇ ಪ್ರಕಟಿಸಿದರು. 1949ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್, ಥೈರಾಯ್ಡ್ ಕೊರತೆಯಿಂದ ಬುದ್ಧಿಭ್ರಮಣೆಯಾಗಿದ್ದ 14 ರೋಗಿಗಳ ಬಗ್ಗೆ ಬರೆದರು. ಹಾರ್ಮೋನ್ ಕೊಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡಿದ್ದರು.

ಈಗ ಅಮ್ಮನಿಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ. ಫೋನ್ ಬಂದರೆ ತಾನೇ ಎತ್ತಿ ಮಾತಾಡ್ತಾಳೆ. ನಿಮ್ಮ ಮನೆಯಲ್ಲೂ ಇಬ್ಬರು ಮೂವರು ಡಾಕ್ಟರಿಗೆ ತೋರಿಸುತ್ತಿದ್ದರೆ, ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿಟ್ಟು ಪ್ರತಿಯೊಬ್ಬರಿಗೂ ತೋರಿಸಿ.